ಶನಿವಾರ ಹೊರಟು ಸೋಮವಾರ ಇಳಿದ ವಿಮಾನ

ತುಂಗೆಯ ದಡದ ನೆಮ್ಮಾರಿನಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ ಹೊರಟವರು ಕೆರೆಕಟ್ಟೆ ದಾಟಿ ಘಟ್ಟ ಇಳಿಯಬೇಕು. ನೇರ ಗೆರೆ ಎಳೆದು ಅಳೆದರೆ ಸುಮಾರು 60 ಕಿ.ಮೀ.; ತಿರುವುಗಳ ರಸ್ತೆಯಲ್ಲಿ ಅದರ ಒಂದೂವರೆ ಪಟ್ಟು. ಆಕಾಶದಲ್ಲಿ ಘಟ್ಟವಿಲ್ಲ, ತಿರುವಿಲ್ಲ. ಹಾಗೆಂದು ವಿಮಾನದ ದಾರಿ, ಹೊತ್ತುಗಳ ಲೆಕ್ಕ ಸುಲಭವೇನಲ್ಲ.

ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಹೊರಟದ್ದು 2021ರ ಜನವರಿ 9ರಂದು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳೆಯರೇ ಅದನ್ನು ನಡೆಸಿದರು. ವೇಳಾಪಟ್ಟಿಯಂತೆ ಹೊರಡುವುದು ಶನಿವಾರ ರಾತ್ರಿ 8.30ಕ್ಕೆ, ತಲುಪುವುದು ಸೋಮವಾರ ನಸುಕಿನ 3.45ಕ್ಕೆ. ಕಳೆದು ನೋಡಿದರೆ 31 ಗಂಟೆ 15 ನಿಮಿಷ. ಆದರೆ ಪ್ರಯಾಣದ ಅವಧಿ 17 ಗಂಟೆ 45 ನಿಮಿಷ ಮಾತ್ರ! ಉಳಿದ ಹದಿಮೂರೂವರೆ ಗಂಟೆ ಎಲ್ಲಿಂದ ಬಂತು?

ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ. ಎಂದರೆ ಗಂಟೆಗೆ 15 ಡಿಗ್ರಿ. ಆದ್ದರಿಂದ ಊರೂರಿಗೆ ಸೂರ್ಯ ಹುಟ್ಟುವ ಹೊತ್ತು ಬೇರೆ, ದೇಶದೇಶದ ಗಡಿಯಾರವೂ ಬೇರೆ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿ ಶನಿವಾರ ರಾತ್ರಿ 8.30 ಆದಾಗ ಇಲ್ಲಿ ಭಾನುವಾರ ಬೆಳಿಗ್ಗೆ 10. ಬೇಸಿಗೆಯಲ್ಲಿ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ; ಆಗ ಅಂತರ ಹನ್ನೆರಡೂವರೆ ಗಂಟೆ.

ಇನ್ನು ದೂರದ ಮಾತು. ಹಡಗಿನವರ ಮರ್ಕೇಟರ್ ನಕ್ಷೆಯಲ್ಲಿ ಈ ಎರಡು ಊರುಗಳ ನಡುವೆ ಪೆಸಿಫಿಕ್ ಸಾಗರದ ಮೇಲೆ ಅಡಿಕೋಲಿಟ್ಟು ಗೆರೆ ಎಳೆದರೆ, ಆ ದಾರಿ ಸುಮಾರು 16,100 ಕಿ.ಮೀ. ಶಾಲೆಯ ಗೋಳದ ಮೇಲೆ ದಾರ ಬಿಗಿಹಿಡಿದು ನೋಡಿ. ದಾರ ತಾನಾಗಿ ಉತ್ತರಕ್ಕೆ ಸರಿದು ಸೈಬೀರಿಯಾದ ಈಶಾನ್ಯ ಅಂಚು, ಅಲಾಸ್ಕಗಳ ಮೇಲೆ ಹಾಯುತ್ತದೆ. ಈಗ ದೂರ ಸುಮಾರು 14,000 ಕಿ.ಮೀ. ಗಂಟೆಗೆ 900 ಕಿ.ಮೀ. ಹಾರುವ ವಿಮಾನಕ್ಕೆ ಎರಡು ಗಂಟೆಗೂ ಹೆಚ್ಚಿನ ಉಳಿತಾಯ! ಉತ್ತರ ಧ್ರುವದ ಮೇಲೆಯೇ ಹಾದರೂ ಹೆಚ್ಚಾಗುವುದು ಸುಮಾರು 400 ಕಿ.ಮೀ. ಅಷ್ಟೆ. ಮೊದಲ ವಿಮಾನ ಬಂದದ್ದು ಹಾಗೆಯೇ.

ದಾರಿಯನ್ನು ಗಾಳಿ ನೋಡಿ ಆರಿಸುತ್ತಾರೆ. ಬಹು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಸು ಗಾಳಿ ಬೆನ್ನಿಗಿದ್ದರೆ ಹೊತ್ತು ಉಳಿಯುತ್ತದೆ, ಎದುರಾದರೆ ಹೊತ್ತೂ ಇಂಧನವೂ ಹೆಚ್ಚು ಬೇಕು. ಭೂಮಿ ಕೆಳಗೆ ತಿರುಗುತ್ತಿರುವುದರಿಂದ ವಿಮಾನ ಬೇಗ ತಲುಪುತ್ತದೆ ಎಂಬುದು ತಪ್ಪು. ಭೂಮಿಯೊಡನೆ ಗಾಳಿಯೂ ತಿರುಗುತ್ತದೆ.

ನೆಮ್ಮಾರಿನ ಮನೆಯೊಂದರ ಮಗಳು ಇಂಥ ವಿಮಾನದಲ್ಲಿ ಬರುತ್ತಾಳೆಂದುಕೊಳ್ಳಿ. ಅಪ್ಪ ಶನಿವಾರ ರಾತ್ರಿ 8.30ಕ್ಕೆ 17 ಗಂಟೆ 45 ನಿಮಿಷ ಕೂಡಿಸಿ, ಭಾನುವಾರ ಮಧ್ಯಾಹ್ನ 2.15ಕ್ಕೆ ಬೆಂಗಳೂರಿನ ನಿಲ್ದಾಣದ ಬಾಗಿಲಲ್ಲಿ ನಿಂತರೆ, ಕಾಯಬೇಕಾದದ್ದು ಸರಿಯಾಗಿ ಹದಿಮೂರೂವರೆ ಗಂಟೆ! ಮೊದಲು ಅಲ್ಲಿನ ಹೊತ್ತನ್ನು ಇಲ್ಲಿನ ಹೊತ್ತಿಗೆ ತಿರುಗಿಸಿ, ಆಮೇಲೆ ಕೂಡಿಸಬೇಕು. ಮನೆಯಲ್ಲಿ ಶಾಲೆಗೆ ಹೋಗುವ ತಮ್ಮನಿದ್ದರೆ ಲೆಕ್ಕವನ್ನು ಅವನಿಗೇ ಒಪ್ಪಿಸಬಹುದು.