ಹಿಮಕ್ಕೆ ಹೋಗೋಣ, ಸ್ಟೇರಿಂಗ್ ಮಾತ್ರ ನಮ್ಮ ಕೈಲಿ ಬೇಡ

ನಮ್ಮ ಕಡೆ ಮಂಜು ಅಂದ್ರೆ ಡಿಸೆಂಬರ್ ಬೆಳಗ್ಗೆ ಶ್ರೀರಂಗಪಟ್ಟಣದ ಕಾವೇರಿ ಸೇತುವೆ ಮೇಲೆ ಕವಿಯೋದು, ಎಂಟು ಗಂಟೆ ಬಿಸಿಲಿಗೆ ಕರಗೋದು. ಹೆಡ್‌ಲೈಟ್ ಹಾಕ್ಕೊಂಡು ನಿಧಾನಕ್ಕೆ ಹೋದ್ರಾಯ್ತು. ಹಿಮಾಲಯದಲ್ಲಿ ಬೀಳೋದಕ್ಕೂ ನಾವು ಮಂಜು ಅಂತಲೇ ಅಂತೀವಿ. ಅದಕ್ಕೇ ಏನೋ, ಅದೂ ಇಷ್ಟೇ ಸಾಧು ಅಂದ್ಕೊಂಡುಬಿಡ್ತೀವಿ.

ಈ ಚಳಿಗಾಲಕ್ಕೆ ನಾವು ನಾಲ್ವರು ಸ್ಕೀಯಿಂಗ್ ಕಲಿಯೋಕೆ ಹೊರಟಿದ್ದೀವಿ. ನಾನು ಶ್ರೀರಂಗಪಟ್ಟಣದವನು, ಉಳಿದ ಮೂವರು ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದವರು. ಎಲ್ಲರಿಗೂ ಬೆಂಗಳೂರಲ್ಲೇ ಕೆಲಸ. ವಾಟ್ಸಾಪ್ ಗ್ರೂಪಲ್ಲಿ ಮೊದಲ ವಾರ ಪೂರ್ತಿ ಮನಾಲಿಯದ್ದೇ ಮಾತು. ಚಂಡೀಗಢದಲ್ಲಿ ಬಾಡಿಗೆ ಕಾರು ತಗೊಂಡು ನಾವೇ ಓಡಿಸ್ಕೊಂಡು ಹತ್ತಿಬಿಡೋದು ಅಂತ. "ಕಬ್ಬಿನ ಲೋಡು ಹಾಕ್ಕೊಂಡು ನಾಲೆ ಏರಿ ಮೇಲೆ ಟ್ರ್ಯಾಕ್ಟರ್ ಓಡ್ಸಿದ್ದೀನಿ ಕಣ್ಲಾ, ಇದೇನ್ ಮಹಾ" ಅಂದ ಕೆ.ಆರ್. ಪೇಟೆಯವನು.

ಪಾಂಡವಪುರದವನ ತಾಯಿ ಮಾತ್ರ ಬೇರೆ ಪ್ರಶ್ನೆ ಕೇಳಿದರು: "ಹೋಗ್ರಪ್ಪ, ಬ್ಯಾಡ ಅನ್ನಲ್ಲ. ದಾರಿ ಎಂಗೈತೆ ಅಂತ ಮೊದ್ಲು ಹೇಳಿ."

ಆ ತಾಲ್ಲೂಕಿನವರು ಹಾಗೆ ಕೇಳೋದರಲ್ಲಿ ಅರ್ಥ ಇದೆ. 2018ರ ನವೆಂಬರ್ 24ರಂದು ಕನಗನಮರಡಿ ಹತ್ತಿರ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಹೋದರು. ಅದು ಬೆಟ್ಟ ಅಲ್ಲ, ರಾತ್ರಿಯೂ ಅಲ್ಲ. ಹಗಲು ಹೊತ್ತು, ದಿನಾ ಓಡಾಡೋ ದಾರಿ. ಗೊತ್ತಿರೋ ರಸ್ತೆಯಲ್ಲೇ ಹೀಗಾದ ಮೇಲೆ, ಗೊತ್ತಿಲ್ಲದ ರಸ್ತೆಗೆ ಧೈರ್ಯ ಒಂದೇ ಸಾಲದು. ಅಮ್ಮನ ಪ್ರಶ್ನೆಯಿಂದಲೇ ನಮ್ಮ ಪ್ಲಾನು ತಿರುಗಿಬಿತ್ತು. ಹಿಮ ಎಲ್ಲಿ ಚೆನ್ನಾಗಿದೆ ಅನ್ನೋದನ್ನ ಬಿಟ್ಟು, ಎಲ್ಲಿಗೆ ಹೋದರೆ ಬೆಟ್ಟದ ರಸ್ತೆ ಅತಿ ಕಡಿಮೆ ಅಂತ ಹುಡುಕೋಕೆ ಶುರು ಮಾಡಿದ್ವಿ.

ಹಿಮದ ರಸ್ತೆಯಲ್ಲಿ ಭಯ ಪಡಬೇಕಾದ್ದು ಬಿಳಿ ಹಿಮಕ್ಕಲ್ಲ, ಕಣ್ಣಿಗೆ ಕಾಣದ ಐಸ್‌ಗೆ. ಮಧ್ಯಾಹ್ನದ ಬಿಸಿಲಿಗೆ ರಸ್ತೆ ಪಕ್ಕದ ಹಿಮ ಕರಗಿ ಡಾಂಬರಿನ ಮೇಲೆ ಹರಿಯುತ್ತೆ. ಸೂರ್ಯ ಮುಳುಗಿದ ಮೇಲೆ ಅದೇ ನೀರು ಗಾಜಿನ ಪೊರೆ ಥರ ಗಟ್ಟಿಯಾಗುತ್ತೆ. ನೋಡೋಕೆ ಬರೀ ಒದ್ದೆ ರಸ್ತೆ. ಇದಕ್ಕೆ ಬ್ಲ್ಯಾಕ್ ಐಸ್ ಅಂತಾರೆ. ಐಸ್ ಮೇಲೆ ಬ್ರೇಕ್ ಹಾಕಿದರೆ ಗಾಡಿ ನಿಲ್ಲೋಕೆ ಒಣರಸ್ತೆಗಿಂತ ಹತ್ತು ಪಟ್ಟು ದೂರ ಬೇಕಾಗಬಹುದು. ಕಬ್ಬಿನ ಗಾಡಿ ಚಕ್ರದ ಕೆಸರು ಡಾಂಬರಿಗೆ ಮೆತ್ತಿ, ಮೇಲೆ ನಾಲ್ಕು ಹನಿ ಮಳೆ ಬಿದ್ದಾಗ ಬೈಕು ಜಾರುತ್ತಲ್ಲ, ಅದನ್ನ ನೆನೆಸಿಕೊಳ್ಳಿ. ಆಮೇಲೆ ಪಕ್ಕದಲ್ಲಿ ಗದ್ದೆ ಬದಲು ಪ್ರಪಾತ ಇದೆ ಅಂದ್ಕೊಳ್ಳಿ.

ಜಾರದಿದ್ದರೂ ಸಿಕ್ಕಿಹಾಕಿಕೊಳ್ಳಬಹುದು. 2024ರ ಡಿಸೆಂಬರ್ ಕೊನೆಯಲ್ಲಿ ಸೋಲಂಗ್ ಮತ್ತು ಅಟಲ್ ಸುರಂಗದ ನಡುವೆ ಸುಮಾರು ಸಾವಿರ ವಾಹನ ಹಿಮದಲ್ಲಿ ನಿಂತುಹೋದವು. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀಯಲ್ಲಿ ಹಿಮ ನೋಡೋಕೆ ಹೋದ 20ಕ್ಕೂ ಹೆಚ್ಚು ಜನ ರಸ್ತೆಯಲ್ಲೇ ಸಿಕ್ಕಿಕೊಂಡು ಸತ್ತರು. ನಿಂತ ಕಾರಿನ ಸೈಲೆನ್ಸರ್ ಹಿಮದಲ್ಲಿ ಮುಚ್ಚಿಹೋದಾಗ ಹೀಟರ್‌ಗೆ ಅಂತ ಎಂಜಿನ್ ಓಡಿಸುತ್ತಾ ಕೂತರೆ, ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬುತ್ತೆ. ಇದು ಗೊತ್ತಾದ ಮೇಲೆ ಬಾಡಿಗೆ ಕಾರಿನ ಮಾತು ಗ್ರೂಪಲ್ಲಿ ತಾನಾಗಿಯೇ ನಿಂತಿತು.

ಔಲಿಯನ್ನೂ ನೋಡಿದ್ವಿ. ರಿಷಿಕೇಶದಿಂದ ಜೋಶಿಮಠದವರೆಗೆ ಸುಮಾರು 250 ಕಿ.ಮೀ. ಬೆಟ್ಟದ ರಸ್ತೆ. 2023ರಲ್ಲಿ ಜೋಶಿಮಠದ ನೆಲ ಕುಸಿದಾಗ ರೋಪ್‌ವೇ ಕೂಡ ನಿಂತಿತು. ಹಾಗಾಗಿ ಅದನ್ನೂ ಬಿಟ್ವಿ.

ಕೊನೆಗೆ ಉಳಿದದ್ದು ಗುಲ್ಮಾರ್ಗ್. ಕಾರಣ ರೈಲು. 2025ರ ಜೂನ್‌ನಿಂದ ಕಟ್ರಾ–ಶ್ರೀನಗರ ವಂದೇ ಭಾರತ್ ಓಡ್ತಿದೆ, ಸುಮಾರು ಮೂರು ಗಂಟೆ ಪ್ರಯಾಣ. ಬೆಟ್ಟ ಸುತ್ತೋ ಬದಲು ಸುರಂಗಗಳಲ್ಲಿ ನುಗ್ಗಿ, ನದಿಯಿಂದ 359 ಮೀಟರ್ ಎತ್ತರದ ಚೆನಾಬ್ ಸೇತುವೆ ದಾಟಿ ಹೋಗುತ್ತೆ. ಬೆಂಗಳೂರಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಅಥವಾ ವಿಮಾನ, ಅಲ್ಲಿಂದ ಕಟ್ರಾಗೆ ರಾತ್ರಿ ರೈಲು. ಶ್ರೀನಗರಕ್ಕೇ ವಿಮಾನದಲ್ಲೂ ಹೋಗಬಹುದು, ಆದ್ರೆ ಹಿಮ ಬಿದ್ದ ದಿನ ಅದು ರದ್ದಾಗೋ ಸಾಧ್ಯತೆ ಹೆಚ್ಚು.

ಆಮೇಲೆ ಉಳಿಯೋ ನಿಜವಾದ ಘಾಟಿ ಟಂಗ್‌ಮಾರ್ಗ್‌ನಿಂದ ಗುಲ್ಮಾರ್ಗ್‌ಗೆ ಬರೀ 13 ಕಿ.ಮೀ. ಹಿಮ ಜಾಸ್ತಿ ಬಿದ್ದಾಗ ಚಕ್ರಕ್ಕೆ ಚೈನ್ ಇಲ್ಲದ ಗಾಡಿಯನ್ನ ಅಲ್ಲಿಂದ ಮೇಲಕ್ಕೆ ಬಿಡಲ್ಲ. ಆ 13 ಕಿ.ಮೀ. ಅಲ್ಲಿನ ಡ್ರೈವರ್‌ದು, ನಮ್ಮದಲ್ಲ. ಹಗಲಲ್ಲೇ ಹತ್ತಬೇಕು, ಹಗಲಲ್ಲೇ ಇಳೀಬೇಕು. "ಇವತ್ತು ಬೇಡ ಸಾರ್" ಅಂತ ಆತ ಅಂದ್ರೆ ದುಡ್ಡು ಜಾಸ್ತಿ ಕೊಡ್ತೀವಿ ಅನ್ನಬಾರದು. ಕ್ಯಾಬ್‌ಗೆ ಅವಸರ ಮಾಡೋ ಬೆಂಗಳೂರಿನ ಅಭ್ಯಾಸ ಅಲ್ಲಿ ನಡೆಯಲ್ಲ.

ಇನ್ನು ರಜೆ ಯಾವಾಗ ಹಾಕೋದು? ಕ್ರಿಸ್‌ಮಸ್‌ಗೆ ಎಲ್ಲರೂ ಹೊರಡ್ತಾರೆ. 2024ರ ಜನವರಿಯಲ್ಲಿ ಬಹುದಿನ ಗುಲ್ಮಾರ್ಗ್ ಬೋಳಾಗಿತ್ತು. 2025ರ ಫೆಬ್ರವರಿಯಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಮಾರ್ಚ್‌ಗೆ ಮುಂದೂಡಿದರು. ನಾವು ಫೆಬ್ರವರಿ ಕೊನೆಯ ವಾರ ಆರಿಸಿಕೊಂಡಿದ್ದೀವಿ. ಹಗಲು ಸ್ವಲ್ಪ ಉದ್ದ, ಗಲಾಟೆ ಕಡಿಮೆ. ಹಿಮ ಇರದಿದ್ದರೆ ಬೇಜಾರಿಲ್ಲದೆ ಶ್ರೀನಗರ ನೋಡಿಕೊಂಡು ಬರೋದು ಅಂತ ಈಗಲೇ ಮಾತಾಗಿದೆ. ಟಿಕೆಟ್ಟಿಗೂ ಆಫೀಸಿಗೂ ನಡುವೆ ಎರಡು ದಿನ ಖಾಲಿ ಇಟ್ಟಿದ್ದೀವಿ. ಸೋಮವಾರ ಬೆಳಗ್ಗೆ ಮೀಟಿಂಗ್ ಇದೆ ಅಂತ ಭಾನುವಾರ ಕತ್ತಲಲ್ಲಿ ಘಾಟಿ ಇಳಿಯೋ ಪರಿಸ್ಥಿತಿ ಬರಬಾರದು.

ಗುಲ್ಮಾರ್ಗ್ ಇರೋದು ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೋಲಾದ ಎರಡನೇ ಹಂತ ಅಫರ್ವತ್ ಕಡೆಗೆ ಹೋಗುತ್ತೆ; ಅಲ್ಲಿನ ಇಳಿಜಾರು ಹೊಸಬರದ್ದಲ್ಲ, ಹಿಮಪಾತದ ಅಪಾಯವೂ ಇದೆ. ನಮ್ಮಂಥವರಿಗೆ ಕೆಳಗಿನ ತಗ್ಗು ಇಳಿಜಾರೇ ಸರಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ತರಬೇತಿ ಸಂಸ್ಥೆಯೂ ಅಲ್ಲೇ ಇದೆ. ಬೂಟು, ಸ್ಕೀ ಬಾಡಿಗೆಗೆ ಸಿಗುತ್ತೆ. ಕೂಲಿಂಗ್ ಗ್ಲಾಸ್, ಉಣ್ಣೆ ಕಾಲುಚೀಲ ಇಲ್ಲಿಂದಲೇ ಒಯ್ಯಿರಿ. ಇಲ್ಲಿನ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯಲ್ಲ, ಗುಂಪಲ್ಲಿ ಒಬ್ಬರದ್ದಾದರೂ ಪೋಸ್ಟ್‌ಪೇಯ್ಡ್ ಇರಲಿ. 2025ರ ಪಹಲ್ಗಾಮ್ ದಾಳಿಯನ್ನ ಮನೆಯವರು ಮರೆತಿಲ್ಲ; ಹೊರಡೋ ವಾರ ಸರ್ಕಾರದ ಸೂಚನೆ ನೋಡಿಯೇ ಹೊರಡೋದು.

ಹಿಮದಾಟ ನಮ್ಮವರಿಗಲ್ಲ ಅನ್ನೋರಿಗೆ ಒಂದು ಮಾತು. ಕೊಡಗಿನ ಭವಾನಿ ತೆಕ್ಕಡ ನಂಜುಂಡ 2024ರಲ್ಲಿ ಇದೇ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಕೂಟದಲ್ಲಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಚಿನ್ನ ಗೆದ್ದರು. ನಾವು ಗೆಲ್ಲೋಕೆ ಹೋಗ್ತಿಲ್ಲ, ಬಿದ್ದು ಏಳೋಕೆ ಹೋಗ್ತಿದ್ದೀವಿ. ಆದ್ರೆ ಬೀಳೋದು ಸ್ಕೀ ಮೇಲಿಂದ ಆಗ್ಲಿ, ರಸ್ತೆ ಮೇಲಿಂದ ಬೇಡ.

ನೀವೂ ಹೊರಟಿದ್ದರೆ ಹೋಟೆಲ್ ಬುಕ್ ಮಾಡೋಕೆ ಮುಂಚೆ ಒಂದು ಕೆಲಸ ಮಾಡಿ. ಬೆಟ್ಟದ ರಸ್ತೆ ಒಟ್ಟು ಎಷ್ಟು ಕಿ.ಮೀ., ಯಾವ ಹೊತ್ತಲ್ಲಿ, ಓಡಿಸೋರು ಯಾರು – ಈ ಮೂರನ್ನ ಒಂದು ಚೀಟಿಯಲ್ಲಿ ಬರೆದು ಮನೆಯವರ ಕೈಗೆ ಕೊಡಿ. ಬರೆಯೋಕೆ ಕೈ ಹಿಂಜರಿದರೆ ಪ್ಲಾನು ಇನ್ನೂ ಮುಗಿದಿಲ್ಲ ಅಂತ ತಿಳ್ಕೊಳ್ಳಿ.