ಕೋಟೆಯ ಗೋಡೆ ಯಾರದೆಂದು ಹೇಳುವವರು ಬೇಕು

ಗಂಗಾವತಿಯ ನಮ್ಮ ಬಂಧುವರ್ಗದ ಹುಡುಗಿಯೊಬ್ಬಳು ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಉನ್ನತ ವ್ಯಾಸಂಗ ಮಾಡುತ್ತಿದ್ದಾಳೆ. ಒಂದು ಶನಿವಾರ ಅವಳು ಸಹಪಾಠಿಗಳೊಡನೆ ರೈಲಿನಲ್ಲಿ ಯಾರ್ಕ್ ನಗರಕ್ಕೆ ಹೋಗಿ, ಸಂಜೆಯವರೆಗೂ ಅಲ್ಲಿಯ ಕೋಟೆಯ ಗೋಡೆಯ ಮೇಲೆ ನಡೆದು ಬಂದಳು. ಅಂದು ರಾತ್ರಿಯೇ ನನಗೆ ಫೋನು ಮಾಡಿ ಕಂಡದ್ದನ್ನೆಲ್ಲ ವಿವರಿಸಿ, ಕೊನೆಯಲ್ಲಿ ಕೇಳಿದಳು: "ಕಾಕಾ, ಆನೆಗೊಂದಿ ನಮ್ಮ ಮನಿಯಿಂದ ಅರ್ಧ ತಾಸಿನ ಹಾದಿ. ಸಾಲಿಯಿಂದ, ಕಾಲೇಜಿನಿಂದ ಹತ್ತು ಸಲ ಹೋಗೀವಿ. ಆ ಕೋಟಿ ಗ್ವಾಡಿ ಯಾರದು, ಅದರೊಳಗ ಯಾರಿದ್ರು ಅಂತ ಒಬ್ಬರೂ ಯಾಕ ಹೇಳಲಿಲ್ಲ?"

ಪ್ರಶ್ನೆ ಅವಳ ಅಧ್ಯಾಪಕರನ್ನು ಮಾತ್ರ ಕುರಿತದ್ದಲ್ಲ. ಇತಿಹಾಸವನ್ನು ಓದಿ ಬರೆಯುವ ನನ್ನಂಥವರನ್ನೂ ಕುರಿತದ್ದು. ಆದುದರಿಂದ ಈ ಬರಹ.

ಯಾರ್ಕ್ ನಗರದ ಬುಡದಲ್ಲಿ ಕ್ರಿ.ಶ. 71ರಲ್ಲಿ ರೋಮನ್ನರು ಕಟ್ಟಿದ ಸೇನಾನೆಲೆಯಿದೆ. ಇಂದು ಕಾಣುವ ಗೋಡೆಯ ಬಹುಭಾಗ ಮಧ್ಯಯುಗದ್ದು. ಉಳಿದಿರುವ ಉದ್ದ ಸುಮಾರು 3.4 ಕಿಲೋಮೀಟರ್. ಇದು ತಾನಾಗಿ ಉಳಿದದ್ದಲ್ಲ. 1800ರಲ್ಲಿ ನಗರಾಡಳಿತವೇ ಗೋಡೆಯನ್ನು ಕೆಡವಲು ಅನುಮತಿ ಬೇಡಿತ್ತು. ಕೆಲವು ಭಾಗಗಳು ನಷ್ಟವಾದವು. ಅದೇ ಊರಿನಲ್ಲಿ ಹುಟ್ಟಿದ ಚಿತ್ರಕಾರ ವಿಲಿಯಂ ಎಟ್ಟಿಯಂಥವರು ವಿರೋಧಿಸಿ ದನಿಯೆತ್ತಿದ್ದರಿಂದ ಉಳಿದುದು ಉಳಿಯಿತು. ಆಳುವವರು ಹೊರೆಯೆಂದು ಭಾವಿಸಿದ್ದನ್ನು ಊರಿನ ಜನ ತಮ್ಮದೆಂದು ಹಿಡಿದುಕೊಂಡರು.

ಆದರೆ ಹುಡುಗಿಯ ಮನಸ್ಸನ್ನು ಕಲಕಿದ್ದು ಗೋಡೆಯ ಉದ್ದವಲ್ಲ, ನಗರದ ನಡುವಣ ದಿಬ್ಬದ ಮೇಲಿರುವ ಕ್ಲಿಫರ್ಡ್ ಬುರುಜು. 1190ರ ಮಾರ್ಚ್ ತಿಂಗಳಲ್ಲಿ, ಆ ದಿಬ್ಬದ ಮೇಲೆ ಮರದ ಬುರುಜು ಇದ್ದ ಕಾಲದಲ್ಲಿ, ಊರಿನ ಯೆಹೂದ್ಯರು ಗಲಭೆಕೋರರಿಗೆ ಅಂಜಿ ಅದರೊಳಗೆ ಆಶ್ರಯ ಪಡೆದಿದ್ದರು. ಸುಮಾರು 150 ಮಂದಿ ಸತ್ತರು. ಹಲವರು ತಾವಾಗಿ ಪ್ರಾಣ ಬಿಟ್ಟರು, ಉಳಿದವರು ಹತರಾದರು. ಬಳಿಕ ಗುಂಪು ಇಗರ್ಜಿಯಲ್ಲಿದ್ದ ಸಾಲಪತ್ರಗಳನ್ನು ಸುಟ್ಟುಹಾಕಿತು. 1978ರಲ್ಲಿ ದಿಬ್ಬದ ಬುಡದಲ್ಲಿ ಸ್ಮಾರಕ ಫಲಕವೊಂದನ್ನು ನಿಲ್ಲಿಸಲಾಯಿತು. ಗೋಡೆಯ ವೈಭವವನ್ನು ನೋಡಲು ಬಂದವರು ಈ ಫಲಕವನ್ನೂ ಓದಿ ಹೋಗುತ್ತಾರೆ. ತನ್ನ ತಪ್ಪನ್ನು ಒಪ್ಪಿಕೊಳ್ಳಲು ಆ ಊರು ಎಂಟು ಶತಮಾನ ತೆಗೆದುಕೊಂಡಿತೆಂಬುದು ನಿಜ, ಆದರೂ ಒಪ್ಪಿಕೊಂಡಿತು.

ಈಗ ಆನೆಗೊಂದಿಗೆ ಬರೋಣ. ತುಂಗಭದ್ರೆಯ ಉತ್ತರ ದಂಡೆಯ ಈ ಊರನ್ನು ವಿಜಯನಗರದ ತಾಯಿಯೂರೆಂದು ಜನ ಕರೆಯುತ್ತಾರೆ. ಬಂಡೆಗುಡ್ಡಗಳನ್ನೇ ಗೋಡೆಯಾಗಿಸಿ, ನಡುವಿನ ಸಂದುಗಳಲ್ಲಿ ಕಲ್ಲುಕಟ್ಟಡ ತುಂಬಿ ಕಟ್ಟಿದ ಕೋಟೆಯಿದು. ಸಮೀಪದ ಹಳ್ಳಿಗೆ ಕಡೆಬಾಗಿಲು ಎಂಬ ಹೆಸರೇ ಉಳಿದಿದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ದೂತ ಅಬ್ದುಲ್ ರಜಾಕ್ ಈ ರಾಜಧಾನಿಗೆ ಏಳು ಸುತ್ತಿನ ಕೋಟೆಯಿತ್ತೆಂದು ಬರೆದಿದ್ದಾನೆ. ನಮ್ಮ ವಿದ್ಯಾರ್ಥಿಗಳು ಇಲ್ಲಿ ಗಗನಮಹಲನ್ನು ನೋಡುತ್ತಾರೆ, ಪಂಪಾಸರೋವರಕ್ಕೆ ಹೋಗುತ್ತಾರೆ, ಬುತ್ತಿ ಬಿಚ್ಚಿ ಉಂಡು ಬಸ್ಸು ಹತ್ತುತ್ತಾರೆ. ಕೋಟೆಯೊಳಗಿದ್ದ ಜನರ ಮಾತು ಬರುವುದೇ ಇಲ್ಲ.

ಆ ಮಾತಿಗೆ ಆಧಾರವಿಲ್ಲದಿಲ್ಲ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಗಿ, ಜೈನರು ಒಂದನೆಯ ಬುಕ್ಕರಾಯನಲ್ಲಿ ದೂರು ಒಯ್ದರು. ಹಾಗೆ ಒಯ್ದವರ ಊರುಗಳನ್ನು ಹೇಳುವಾಗ ಶ್ರವಣಬೆಳಗೊಳದ ಭಂಡಾರಿ ಬಸದಿಯ ಶಾಸನ ಆನೆಗೊಂದಿಯ ಹೆಸರನ್ನೂ ಹೇಳುತ್ತದೆ. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ವಿಧಿಸಿದನು; ಪಂಚಮಹಾವಾದ್ಯ ಮತ್ತು ಕಲಶಗಳು ಜೈನರಿಗೆ ಮೊದಲಿನಂತೆ ಸಲ್ಲಬೇಕೆಂದನು. ಜೈನರ ಮನೆಮನೆಯಿಂದ ಸಂಗ್ರಹಿಸಿದ ಹಣದಿಂದ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸಿ, ಉಳಿದುದರಲ್ಲಿ ಜಿನಾಲಯಗಳಿಗೆ ಸುಣ್ಣ ಬಳಿಸುವ, ಜೀರ್ಣೋದ್ಧಾರ ಮಾಡಿಸುವ ಹೊಣೆ ವೈಷ್ಣವ ಗುರು ತಾತಯ್ಯನ ಮೇಲೆ ಬಿದ್ದಿತು.

ಈ ಶಾಸನವನ್ನು ನಾವು ಸಾಮಾನ್ಯವಾಗಿ ಸರ್ವಧರ್ಮ ಸಮನ್ವಯಕ್ಕೆ ಸಾಕ್ಷಿಯಾಗಿ ಭಾಷಣಗಳಲ್ಲಿ ಉದಾಹರಿಸುತ್ತೇವೆ. ಅದು ತಪ್ಪಲ್ಲ, ಆದರೆ ಅರ್ಧ. ಸಮನ್ವಯಕ್ಕೆ ಮುನ್ನ ವಿವಾದವಿತ್ತು. ತಮ್ಮ ವಾದ್ಯ ಕಲಶಗಳ ಹಕ್ಕಿಗಾಗಿ ಒಂದು ಸಮುದಾಯ ಅರಸನ ಬಾಗಿಲಿಗೆ ಹೋಗಬೇಕಾಗಿ ಬಂದಿತ್ತು. ವಿವಾದವನ್ನು ಮರೆಸಿ ಸಮನ್ವಯವನ್ನಷ್ಟೇ ಹೇಳಿದರೆ ಬುಕ್ಕರಾಯನ ನ್ಯಾಯದ ಬೆಲೆಯೂ ತಿಳಿಯದು. ಯಾರ್ಕಿನಲ್ಲಿ ಅರಸನ ಕೋಟೆಯೇ ಆಶ್ರಿತರನ್ನು ಉಳಿಸಲಾರದೆ ಹೋಯಿತು. ಇಲ್ಲಿ ಅರಸನ ಮಾತು ಕಲ್ಲಿನ ಮೇಲೆ ನಿಂತಿತು. ಇದರಿಂದ ನಾವು ಅವರಿಗಿಂತ ಮೇಲೆಂದು ಬೀಗಬೇಕಾಗಿಲ್ಲ. ನ್ಯಾಯ ಎಲ್ಲಿಯೂ ತಾನಾಗಿ ದೊರೆಯುವುದಿಲ್ಲ, ಕೇಳುವವರೂ ಕೊಡುವವರೂ ಬೇಕೆಂಬುದು ಎರಡೂ ಊರುಗಳಿಂದ ಕಲಿಯಬೇಕಾದ ಪಾಠ. ಶಾಸನ ದೂರದ ಬೆಳಗೊಳದಲ್ಲಿದೆ. ದೂರು ಒಯ್ದವರ ಊರಿನಲ್ಲಿ ಬೆಳೆಯುವ ಮಗುವಿಗೆ ಅದರ ಸುಳಿವೂ ಸಿಗದೆ ಹೋಗಬಾರದು.

ಕೊಪ್ಪಳದ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಅಲ್ಲಿಯ ಕೋಟೆಯನ್ನು ಟಿಪ್ಪು ಸುಲ್ತಾನನು ಫ್ರೆಂಚ್ ತಂತ್ರಜ್ಞರ ನೆರವಿನಿಂದ ಬಲಪಡಿಸಿದ್ದನು. 1790ರಲ್ಲಿ ಮುತ್ತಿದ ಬ್ರಿಟಿಷ್ ಮತ್ತು ನಿಜಾಮರ ಸೇನೆಗೆ ಅದು ತಿಂಗಳುಗಟ್ಟಲೆ ಮಣಿಯಲಿಲ್ಲ. 1858ರಲ್ಲಿ ಮುಂಡರಗಿ ಭೀಮರಾಯನು ಹೋರಾಡಿ ಮಡಿದದ್ದು ಇದೇ ಕೋಟೆಯಲ್ಲಿ. ಇಷ್ಟನ್ನಾದರೂ ಕೆಲವರು ಬಲ್ಲರು. ಆದರೆ ಇದೇ ಊರು ಕವಿರಾಜಮಾರ್ಗವು ತಿರುಳ್ಗನ್ನಡದ ನಾಡಿನ ಎಲ್ಲೆ ಹೇಳುವಾಗ ಹೆಸರಿಸಿದ ಕೊಪಣನಗರವೆಂದು, ಹೊಯ್ಸಳರ ದಂಡನಾಯಕ ಗಂಗರಾಜನು ಬಸದಿಗಳನ್ನು ಉದ್ಧರಿಸಿ ಗಂಗವಾಡಿಯನ್ನೇ ಕೊಪಣವಾಗಿಸಿದನೆಂದು ಹೊಗಳಿಸಿಕೊಂಡದ್ದು ಈ ತೀರ್ಥದ ಹೆಸರಿನಿಂದಲೇ ಎಂದು ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು? ಪಾಲ್ಕಿಗುಂಡಿನ ಬೆಟ್ಟದಲ್ಲಿ ಅಶೋಕನ ಶಾಸನವಿದೆ. ಅಲ್ಲಿಯೇ ವರಾಂಗಚರಿತದ ಕರ್ತೃ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬಾತ ಕೆತ್ತಿಸಿದ್ದಾನೆ. ಒಂದೇ ಬೆಟ್ಟದಲ್ಲಿ ಒಬ್ಬ ಬೌದ್ಧ ಚಕ್ರವರ್ತಿಯ ಮಾತು, ಒಬ್ಬ ಜೈನ ಕವಿಯ ಹೆಜ್ಜೆ.

ಹಳೆಯ ವಿವಾದಗಳನ್ನು ಕೆದಕಿದರೆ ಹೊಸ ಗಾಯಗಳಾಗುತ್ತವೆಂದು ಕೆಲವು ಹಿರಿಯರು ಆಕ್ಷೇಪಿಸಬಹುದು. ಅವರ ಅಂಜಿಕೆ ಅರ್ಥವಿಲ್ಲದ್ದೇನಲ್ಲ. ಆದರೆ ನಾವು ಹೇಳದೆ ಬಿಟ್ಟ ಕಡೆ ಮಕ್ಕಳ ಮನಸ್ಸು ಖಾಲಿ ಉಳಿಯುವುದಿಲ್ಲ. ಮೊಬೈಲಿನಲ್ಲಿ ಬಂದ ಕಟ್ಟುಕಥೆ ಆ ಜಾಗದಲ್ಲಿ ಬಂದು ಕೂರುತ್ತದೆ. ಶಾಸನವನ್ನೇ ಮುಂದಿಟ್ಟು ಹೇಳುವುದು ಅದಕ್ಕಿಂತ ಕ್ಷೇಮ.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಕಾಲೇಜುಗಳು ವರ್ಷಕ್ಕೆ ಒಂದು ದಿನವನ್ನು ಮೀಸಲಿಡಲಿ. ಒಂದು ಸ್ಥಳ, ಒಂದು ಶಾಸನ. ಅದರ ಪಾಠವನ್ನು ಇಂದಿನ ಕನ್ನಡದಲ್ಲಿ ಅಚ್ಚುಹಾಕಿಸಿ ವಿದ್ಯಾರ್ಥಿಗಳ ಕೈಗೆ ಕೊಟ್ಟು ಅಲ್ಲಿಯೇ ಓದಿಸಲಿ. ಯಲಬುರ್ಗಾದವರಿಗೆ 1112ರಲ್ಲಿ ಮಹಾದೇವ ದಂಡನಾಯಕನು ಕಟ್ಟಿಸಿದ ಇಟಗಿಯ ದೇವಾಲಯ ಹತ್ತಿರದಲ್ಲೇ ಇದೆ. ಆನೆಗೊಂದಿಯ ಕೋಟೆಬಾಗಿಲಲ್ಲಿ 1368ರ ತೀರ್ಪನ್ನು ತಿಳಿಗನ್ನಡದಲ್ಲಿ ಬರೆದ ಫಲಕವೊಂದು ನಿಲ್ಲಲಿ. ಕೋಟೆಯೊಳಗೆ ಇಂದೂ ಸಂಸಾರ ಹೂಡಿರುವ ಊರಿನವರಿಗೇ ಅದನ್ನು ಬಂದವರಿಗೆ ಓದಿ ಹೇಳುವ ಗೌರವ ದೊರೆಯಲಿ.

ಆ ಹುಡುಗಿ ರಜೆಗೆ ಊರಿಗೆ ಬರುವವಳಿದ್ದಾಳೆ. ಆನೆಗೊಂದಿಗೆ ಜೊತೆಯಾಗಿ ಹೋಗೋಣವೆಂದು ಮಾತು ಕೊಟ್ಟಿದ್ದೇನೆ. ಬುಕ್ಕರಾಯನ ಶಾಸನದ ಪಾಠವನ್ನು ಈಗಲೇ ಪ್ರತಿ ಮಾಡಿಟ್ಟಿದ್ದೇನೆ. ಕೋಟೆಯ ಬಾಗಿಲಲ್ಲಿ ಅದನ್ನು ಅವಳಿಂದಲೇ ಓದಿಸಬೇಕು.