ಚೊಚ್ಚಲ ಬಸಿರಿನ ಮೊದಲ ಮೂರು ತಿಂಗಳು

ಮನೆಯಲ್ಲಿ ಮೊದಲ ಮಗು ಹುಟ್ಟಲಿದೆಯೆಂಬ ವಾರ್ತೆಗಿಂತ ಹಿರಿದಾದ ಸಂತೋಷ ಸಂಸಾರಕ್ಕೆ ಮತ್ತೊಂದಿಲ್ಲ. ಏಳನೆಯ ತಿಂಗಳಿನಲ್ಲಿ ಸೀಮಂತವನ್ನು, ಕರಾವಳಿಯವರಾದರೆ ಬಯಕೆಯನ್ನು, ಸಾಲ ಮಾಡಿಯಾದರೂ ನೆರವೇರಿಸಿ, ಹಸುರು ಬಳೆ ತೊಡಿಸಿ, ಹೂ ಮುಡಿಸಿ, ಮಗಳನ್ನು ತವರಿಗೆ ಕರೆದೊಯ್ಯುವ ಜನ ನಾವು. ಆದರೆ ಅದಕ್ಕೆ ಮುಂಚಿನ, ಅದರಲ್ಲಿಯೂ ಮೊದಲ ಮೂರು ತಿಂಗಳುಗಳ ವಿಷಯದಲ್ಲಿ ನಾವು ತಾಳುವ ಮೌನ ಸಾಮಾನ್ಯವಾದುದಲ್ಲ. ಮುಂಬಯಿಯಂಥ ಪರಸ್ಥಳದಲ್ಲಿ ಸಂಸಾರ ಹೂಡಿರುವ ನಮ್ಮವರಿಗೆ ಈ ಮೌನವು ಹಾನಿಕರವೆಂದು ಹೇಳುವುದು ನಮ್ಮ ಕರ್ತವ್ಯವಾಗಿದೆ.

ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿಯನ್ನು ಹೊರಗೆ ಆಡಬಾರದೆಂಬುದು ಹಿರಿಯರು ಹಾಕಿಕೊಟ್ಟ ಕಟ್ಟಳೆ. ದೃಷ್ಟಿ ತಾಗೀತೆಂಬ ಭಯ, ಬಸಿರು ಇಳಿದುಹೋದರೆ ನಾಲ್ಕು ಜನರಿಗೆ ಉತ್ತರ ಹೇಳಬೇಕಾದೀತೆಂಬ ಸಂಕೋಚ, ಇವೆರಡೂ ಅದರ ಹಿಂದಿವೆ. ಅದನ್ನು ಮೂಢತನವೆಂದು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಊರಿನಲ್ಲಿ ಈ ಗುಟ್ಟು ನೆರೆಕೆರೆಯವರಿಗೆ ಮಾತ್ರವೇ ಗುಟ್ಟಾಗಿತ್ತು. ಅತ್ತೆಯೂ ಓರಗಿತ್ತಿಯರೂ ಹುಡುಗಿಯ ಮುಖ ನೋಡಿಯೇ ಸಂಗತಿಯನ್ನು ಅರಿತುಕೊಳ್ಳುತ್ತಿದ್ದರು. ಅವಳ ಕೈಯಿಂದ ಕೊಡ ಇಳಿಸುವವರು ಒಬ್ಬರಿದ್ದರು. ಗಂಜಿ ಕಾಯಿಸಿಕೊಡುವವರು ಇನ್ನೊಬ್ಬರಿದ್ದರು. ಇಲ್ಲಿಯ ಒಂಟಿ ಖೋಲಿಯಲ್ಲಿ ಗುಟ್ಟೆಂದರೆ ಕೇವಲ ಒಂಟಿತನವೇ ಸರಿ.

ನಮ್ಮ ಹೊಟೇಲು ಬಂಧುಗಳ ಮನೆಯ ಸ್ಥಿತಿಯನ್ನೇ ನೋಡಿರಿ. ಗಂಡನು ನಸುಕಿನಲ್ಲಿಯೇ ಇಡ್ಲಿಯ ಒಲೆ ಹೊತ್ತಿಸಲು ಹೊರಟರೆ ಮರಳುವುದು ಊರೆಲ್ಲ ಮಲಗಿದ ಮೇಲೆ. ಮದುವೆಯಾಗಿ ಆರು ತಿಂಗಳೂ ಕಳೆಯದ ಹುಡುಗಿ, ನೆರೆಯವರ ಭಾಷೆಯನ್ನೂ ಸರಿಯಾಗಿ ಅರಿಯದವಳು, ನಲ್ಲಿಗೆ ನೀರು ಬರುವ ಹೊತ್ತಿಗೆ ಕಣ್ಣು ಕತ್ತಲಿಟ್ಟು ಬಂದರೂ ಬಕೆಟ್ಟು ಎತ್ತಲೇಬೇಕು. ಗಂಡನ ಅಂಗಿಗೆ ಅಂಟಿದ ಕರಿದೆಣ್ಣೆಯ, ಈರುಳ್ಳಿಯ ವಾಸನೆಗೆ ಅವಳ ಹೊಟ್ಟೆ ತೊಳಸುತ್ತದೆ. ದಿನವಿಡೀ ದುಡಿದು ಬಂದವನು ಬಾಗಿಲಲ್ಲಿ ನಿಂತೊಡನೆ ಹೆಂಡತಿ ಮುಖ ತಿರುಗಿಸಿದಳೆಂದು ಮನಸ್ಸು ಮುದುಡಿಕೊಳ್ಳುತ್ತಾನೆ. ಗುಮಾಸ್ತರ ಮನೆಯಲ್ಲಿ ಹೆಂಡತಿಯೂ ನೌಕರಿಯವಳಾದರೆ ಡೊಂಬಿವಲಿಯಿಂದ ಕಿಕ್ಕಿರಿದ ಲೋಕಲಿನಲ್ಲಿ ವಾಕರಿಕೆಯನ್ನು ಅದುಮಿಕೊಂಡು ನಿಲ್ಲುವ ಶಿಕ್ಷೆ ಬೇರೆ.

ಇದು ಸೋಗೂ ಅಲ್ಲ, ಅಸಡ್ಡೆಯೂ ಅಲ್ಲ, ದೇಹದ ಧರ್ಮ. ಸಾಧಾರಣವಾಗಿ ಕೊನೆಯ ಮುಟ್ಟಿನಿಂದ ಎಣಿಸಿ ಆರನೆಯ ವಾರದ ಸುಮಾರಿಗೆ ತೊಡಗುವ ವಾಕರಿಕೆ ಬಹುಮಂದಿಗೆ ನಾಲ್ಕನೆಯ ತಿಂಗಳಿನಲ್ಲಿ ಇಳಿಯುತ್ತದೆ. ಆವರೆಗೆ ಹೊಟ್ಟೆಯನ್ನು ಬರಿದಾಗಿ ಬಿಡದೆ, ಗಂಜಿಯನ್ನೋ ಅವಲಕ್ಕಿಯನ್ನೋ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ತಿನ್ನುವುದು ಹಿತಕರ. ಗಂಡನಾದವನು ಮನೆಗೆ ಬಂದೊಡನೆ ಮೈ ತೊಳೆದು ಬಟ್ಟೆ ಬದಲಿಸಿದರೆ, ನೀರಿನ ಬಕೆಟ್ಟನ್ನು ತಾನೇ ತುಂಬಿಟ್ಟರೆ, ಅದೇ ಔಷಧದಷ್ಟು ಉಪಕಾರ ಮಾಡೀತು.

ಆದರೆ ಮುಖ್ಯ ವಿಷಯ ಇದಕ್ಕಿಂತ ದೊಡ್ಡದು. ಗರ್ಭ ನಿಂತ ಸುಮಾರು 28 ದಿನಗಳೊಳಗೆ ಶಿಶುವಿನ ಮಿದುಳಿಗೂ ಬೆನ್ನುಹುರಿಗೂ ಮೂಲವಾದ ನಾಳವು ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿತೆಂದು ತಾಯಿ ಅರಿಯುವ ವೇಳೆಗೆ ಆ ಅವಧಿಯ ಅರ್ಧ ಕಳೆದೇ ಹೋಗಿರುತ್ತದೆ. ಈ ನಾಳದ ದೋಷಗಳಲ್ಲಿ ಬಹುಪಾಲನ್ನು ತಡೆಯಬಲ್ಲುದು ಫೋಲಿಕ್ ಆಮ್ಲವೆಂಬ ಅಗ್ಗದ ಗುಳಿಗೆ. ಮಗು ಬೇಕೆಂದು ಬಯಸಿದಂದಿನಿಂದಲೇ ವೈದ್ಯರನ್ನು ಕೇಳಿ ಅದನ್ನು ತೆಗೆದುಕೊಳ್ಳುವುದು ಲೇಸು. ಬಸಿರಾದ ಮೇಲೆ 12 ವಾರಗಳೊಳಗೆ ಹೆಸರು ನೋಂದಾಯಿಸಿ, ರಕ್ತದ ಬಲ, ರಕ್ತದ ಗುಂಪು, ರಕ್ತದೊತ್ತಡ, ಸಕ್ಕರೆ, ಮೂತ್ರ ಇವನ್ನು ಪರೀಕ್ಷಿಸಿಕೊಳ್ಳಲೇಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನತೆಯುಳ್ಳವರೆಂದು ಕಂಡುಬಂದಿತು. ಮೊದಲ ಮೂರು ತಿಂಗಳಲ್ಲಿ ತಪಾಸಣೆಯಾದ ತಾಯಂದಿರು ನೂರಕ್ಕೆ 70 ಮಂದಿ ಮಾತ್ರ. ಸೀಮಂತ ಮುಗಿದು ಊರಿಗೆ ಹೋದ ಮೇಲೆ ಡಾಕ್ಟರಿಗೆ ತೋರಿಸಿದರಾಯಿತೆಂಬ ನಮ್ಮವರ ಎಣಿಕೆ ಎಷ್ಟು ತಪ್ಪೆಂಬುದನ್ನು ಬೇರೆ ವಿವರಿಸಬೇಕಾಗಿಲ್ಲ.

ಇನ್ನೊಂದು ನೋವಿನ ಸಂಗತಿಯನ್ನು ಹೇಳದೆ ನಿರ್ವಾಹವಿಲ್ಲ. ಗುರುತು ಸಿಕ್ಕ ನೂರು ಬಸಿರುಗಳಲ್ಲಿ ಸುಮಾರು ಹತ್ತರಿಂದ ಇಪ್ಪತ್ತು ಉಳಿಯುವುದಿಲ್ಲ; ಅವುಗಳಲ್ಲಿ ಹೆಚ್ಚಿನವು ಇಳಿದುಹೋಗುವುದು ಈ ಮೊದಲ ಮೂರು ತಿಂಗಳಲ್ಲಿಯೇ. ಅಂಥ ನಷ್ಟಗಳಲ್ಲಿ ಸುಮಾರು ಅರ್ಧಕ್ಕೆ ಗರ್ಭಾಂಕುರದಲ್ಲಿಯೇ ಇದ್ದ ವರ್ಣತಂತುಗಳ ದೋಷವೇ ಕಾರಣ. ಆದರೂ ನಮ್ಮ ಮನೆಗಳಲ್ಲಿ ದೂರು ಬರುವುದು ಸೊಸೆಯ ಮೇಲೆ: ಅವಳು ಪಪ್ಪಾಯಿ ತಿಂದಳಂತೆ, ಮೆಟ್ಟಿಲು ಹತ್ತಿದಳಂತೆ, ಅವಳ ಕಾಲ್ಗುಣ ಸರಿಯಿಲ್ಲವಂತೆ! ಯಾರಿಗೂ ತಿಳಿಸದೆ ಹೊತ್ತ ಬಸಿರನ್ನು ಯಾರಿಗೂ ತಿಳಿಸದೆಯೇ ಕಳೆದುಕೊಂಡು, ಮರುದಿನವೇ ನಲ್ಲಿಯ ಸಾಲಿನಲ್ಲಿ ನಿಂತ ಹೆಣ್ಣುಮಗಳಿಗೆ ಈ ಮಾತುಗಳನ್ನು ಆಡುವುದು ಅನ್ಯಾಯ. ಅವಳಿಗೆ ಆಗ ಬೇಕಾದುದು ವಿಶ್ರಾಂತಿ ಮತ್ತು ಆದರ. ರಕ್ತಸ್ರಾವ, ಕಿಬ್ಬೊಟ್ಟೆಯಲ್ಲಿ ತೀವ್ರ ನೋವು, ಮೂರ್ಛೆ, ನೀರೂ ನಿಲ್ಲದಂಥ ವಾಂತಿ ಕಂಡರಂತೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಹಣದ ಅಡಚಣೆಯನ್ನು ನಾವು ಅರಿಯದವರಲ್ಲ. ಆದರೆ ಪಾಲಿಕೆಯ ಹೆರಿಗೆಮನೆಗಳು ಬಡವರಿಗಾಗಿಯೇ ಇವೆ. 2017ರಲ್ಲಿ ತೊಡಗಿದ ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯಂತೆ, ಆದಾಯವೇ ಮುಂತಾದ ನಿಬಂಧನೆಗಳಿಗೆ ಒಳಪಟ್ಟ ತಾಯಿಗೆ ಮೊದಲ ಮಗುವಿನ ಸಂಬಂಧ 5,000 ರೂಪಾಯಿ ದೊರೆಯುತ್ತದೆ. ಬಸಿರನ್ನು ನೋಂದಾಯಿಸದವರಿಗೆ ಅದು ದೊರೆಯದು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ 80 ದಿನ ಕೆಲಸ ಮಾಡಿದ ಹೆಣ್ಣುಮಗಳಿಗೆ 1961ರ ಶಾಸನವು ವೇತನಸಹಿತ ಹೆರಿಗೆ ರಜೆಯನ್ನು ಕೊಟ್ಟಿತು. 2017ರಲ್ಲಿ ಅದು ಮೊದಲೆರಡು ಮಕ್ಕಳಿಗೆ 26 ವಾರಗಳಾಯಿತು. ಗರ್ಭಪಾತವಾದರೆ ಆರು ವಾರಗಳ ರಜೆಯೂ ಉಂಟು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಹಕ್ಕುಗಳು ಉಳಿದುಬಂದಿವೆ. ಇವು ಯಾರೂ ಕೊಡುವ ಭಿಕ್ಷೆಯಲ್ಲ.

ಹೊಟೇಲುಗಳ ಮಾಲಿಕರಲ್ಲಿಯೂ ನಮ್ಮದೊಂದು ವಿನಂತಿಯಿದೆ. ನಿಮ್ಮಲ್ಲಿ ಅನೇಕರು ಲೋಟ ತೊಳೆದು ಮೇಲೆ ಬಂದವರು. ಊರಿನಲ್ಲಿ ಬಿಟ್ಟುಬಂದ ಹೆಂಡತಿಯ ಚಿಂತೆ ಏನೆಂಬುದನ್ನು ಬಲ್ಲವರು. ಚೊಚ್ಚಲ ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಹುಡುಗನೊಬ್ಬ ಒಂದು ಬೆಳಗಿನ ರಜೆ ಕೇಳಿದರೆ ಇಲ್ಲವೆನ್ನಬೇಡಿರಿ. ಹೆಂಡತಿಯನ್ನು ಊರಿನಲ್ಲಿಯೇ ಬಿಟ್ಟಿರುವವರು ಹಣ ಕಳಿಸಿದೆನೆಂದು ಸುಮ್ಮನಿರದೆ, ಆಶಾ ಕಾರ್ಯಕರ್ತೆಯಿಂದ ಹೆಸರು ನೋಂದಣಿಯಾಯಿತೇ, ತಾಯಿ ಕಾರ್ಡ್ ಕೈಸೇರಿತೇ ಎಂದು ಫೋನಿನಲ್ಲಿ ವಿಚಾರಿಸಲಿ. ಇಲ್ಲಿ ನೋಂದಾಯಿಸಿದವರು ತವರಿಗೆ ಹೊರಡುವಾಗ ಬಳೆ, ಸೀರೆಗಳ ಜತೆಗೆ ಇಲ್ಲಿಯ ಕಾರ್ಡನ್ನೂ ಪರೀಕ್ಷೆಯ ಕಾಗದಗಳನ್ನೂ ಮರೆಯದೆ ಒಯ್ಯಲಿ. ಅಲ್ಲಿಯ ವೈದ್ಯರು ಮೊದಲು ಕೇಳುವುದು ಅದನ್ನೇ.

ಊರಿಗೆಲ್ಲ ಸುದ್ದಿ ಸಾರಬೇಕೆಂದು ನಾವು ಹೇಳುತ್ತಿಲ್ಲ. ಹೊರಗಿನವರಿಗೆ ಗುಟ್ಟು ಗುಟ್ಟಾಗಿಯೇ ಇರಲಿ. ಆದರೆ ಗಂಡನಿಗೆ, ವೈದ್ಯರಿಗೆ ಮತ್ತು ಚಾಳಿನಲ್ಲಿ ತಾಯಿಯಂಥ ಒಬ್ಬ ಹಿರಿಯಳಿಗೆ ಅದು ಮೊದಲ ವಾರದಲ್ಲಿಯೇ ತಿಳಿದಿರಲಿ. ಏಳನೆಯ ತಿಂಗಳಿನ ಆರತಿ ತಟ್ಟೆಗೆ ನಾವು ತೋರುವ ಶ್ರದ್ಧೆಯಲ್ಲಿ ಕಾಲುಭಾಗವನ್ನು ಎರಡನೆಯ ತಿಂಗಳಿನ ತಪಾಸಣೆಗೆ ತೋರಿದರೂ ನಮ್ಮ ಎಷ್ಟೋ ಹೆಣ್ಣುಮಕ್ಕಳ ಸಂಕಟ ತಪ್ಪೀತು.